ಅಸ್ಗರ್ ಖಾನ್: ವಾಯುಪಡೆ ಕಟ್ಟಿದವನು ರಾಜಕೀಯದಲ್ಲಿ ಯಾಕೆ ಸೋತ?

ಪುಸ್ತಕದ ಹುಳ

ಶುರುವಿಗೇ ಹೇಳ್ಬಿಡ್ತೀನಿ, ಇದು ಪಾಕಿಸ್ತಾನದ ವಾಯುಪಡೆ ಮುಖ್ಯಸ್ಥನೊಬ್ಬನ ಬಗ್ಗೆ. ಹೆಸರು ನೋಡಿದ ತಕ್ಷಣ ಬೈಯೋಕೆ ಬರೋರು ಪೂರ್ತಿ ಓದಿ, ಆಮೇಲೆ ಬೈಯಿರಿ.

ಏರ್ ಮಾರ್ಷಲ್ ಅಸ್ಗರ್ ಖಾನ್ ಹುಟ್ಟಿದ್ದು 1921ರಲ್ಲಿ, ಜಮ್ಮುವಿನಲ್ಲಿ. ಅಪ್ಪ ಕಾಶ್ಮೀರ ಮಹಾರಾಜರ ಸೈನ್ಯದಲ್ಲಿದ್ದವರು. ಹುಡುಗ ಓದಿದ್ದು ಡೆಹ್ರಾಡೂನಿನ ಮಿಲಿಟರಿ ಕಾಲೇಜಲ್ಲಿ. 1940ರಲ್ಲಿ ಡೆಕ್ಕನ್ ಹಾರ್ಸ್ ರೆಜಿಮೆಂಟಿಗೆ ಸೇರಿದ, ಅಲ್ಲಿ ಹೆಚ್ಚು ದಿನ ನಿಲ್ಲದೆ ವಾಯುಪಡೆಗೆ ಬಂದ. ಬರ್ಮಾ ಯುದ್ಧದಲ್ಲಿ 9ನೇ ಸ್ಕ್ವಾಡ್ರನ್ ಜತೆ ಹರಿಕೇನ್ ಹಾರಿಸಿದ. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಮೀಟಿಯರ್ ಜೆಟ್ ಹತ್ತಿದ. ಜೆಟ್ ಹಾರಿಸಿದ ಮೊದಮೊದಲ ಭಾರತೀಯರಲ್ಲಿ ಇವನೂ ಒಬ್ಬ. ದೇಶ ಒಡೆದಾಗ ಪಾಕಿಸ್ತಾನಕ್ಕೆ ಹೋಗಿ ರಿಸಾಲ್‌ಪುರದ ಹಾರಾಟ ಶಾಲೆ ನಡೆಸಿದ. 1957ರ ಜುಲೈಯಲ್ಲಿ ಆ ವಾಯುಪಡೆಯ ಮುಖ್ಯಸ್ಥನಾದ. ಅದಕ್ಕೆ ಮುಂಚೆ ಆ ಕುರ್ಚೀಲಿ ಕೂತವರೆಲ್ಲ ಬ್ರಿಟಿಷರೇ. ಇವನಿಗೆ ಆಗ 36 ವರ್ಷ!

ಎಂಟು ವರ್ಷ ಪಡೆ ಕಟ್ಟಿ, 1965ರಲ್ಲಿ ಬಿಟ್ಟು, ಪಿಐಎ ವಿಮಾನ ಸಂಸ್ಥೆ ನಡೆಸಿ, 1968ರಲ್ಲಿ ಆಗಿನ ಮಿಲಿಟರಿ ಅಧ್ಯಕ್ಷ ಅಯೂಬ್ ಖಾನ್ ವಿರುದ್ಧ ಬೀದಿಗಿಳಿದ. 1970ರಲ್ಲಿ ತೆಹ್ರೀಕ್-ಎ-ಇಸ್ತಿಕ್ಲಾಲ್ ಅಂತ ಪಕ್ಷ ಕಟ್ಟಿದ. ಅಲ್ಲಿಂದ ನಲವತ್ತು ವರ್ಷ ವಿರೋಧ ಪಕ್ಷ, ಜೈಲು, ಗೃಹಬಂಧನ. ಮಂತ್ರಿಗಿರಿ ಒಂದು ದಿನವೂ ಸಿಗಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ದುಡ್ಡು ತಿಂದ ಆರೋಪ ಇಲ್ಲ, ಹೆಸರಿದೆ, ಜನ ಸೇರ್ತಿದ್ರು. ಆದರೂ ಯಾಕೆ ಗೆಲ್ಲಲಿಲ್ಲ? ಗೆಲ್ಲೋಕೆ ಬೇಕಾದ್ದು ಇರ್ಲಿಲ್ವಾ, ಇಲ್ಲ ಬೇಡ ಅಂದ್ಕೊಂಡ್ನಾ?

ಗಾಂಧಿಬಜಾರ್ ಗಿರಾಕಿ

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆಯಲ್ಲ ಗುರು. ದುಡ್ಡು ತಿನ್ನಲಿಲ್ಲ. ಸೋತ. ಥ್ರೆಡ್ ಮುಗೀತು.

ಹುಬ್ಬಳ್ಳಿ ಹವಾ

ಅಲ್ರೀ, ನಮ್ಮೋರ ಬಗ್ಗೆ ಬರಿಯೂದು ಬಿಟ್ಟು ಅವ್ರ ಬಗ್ಗೆ ಯಾಕ್ ಬೇಕ್ರಿ? ಬಿಜು ಪಟ್ನಾಯಕ್ ಇಲ್ಲೇನು? ಪೈಲಟ್ ಆಗಿದ್ದಾಂವ, ಇಂಡೋನೇಷ್ಯಾದಾಗ ಡಚ್ಚರ ಕಣ್ಣ ತಪ್ಪಿಸಿ ಅಲ್ಲಿಯ ನಾಯಕ ಶಾರಿರ್ ಅವ್ರನ್ನ ವಿಮಾನದಾಗ ಕರಕೊಂಡ ಬಂದಾಂವ, ಎರಡ ಸಲ ಒಡಿಶಾ ಮುಖ್ಯಮಂತ್ರಿ. ರಾಜೇಶ್ ಪೈಲಟ್ ಇದ್ದ, ಹೆಸರಿನಾಗ ಪೈಲಟ್ ಅಂತ ಇಟ್ಕೊಂಡ ಮಂತ್ರಿ ಆದ. ಅವ್ರೆಲ್ಲಾ ಗೆದ್ರಲ್ಲ!

ಪುಸ್ತಕದ ಹುಳ

@ಹುಬ್ಬಳ್ಳಿ ಹವಾ, ಅದಕ್ಕೇ ಕೇಳಿದ್ದು ಸಾರ್. ಅವರು ಗೆದ್ದರು, ಇವನು ಸೋತ. ಗೆದ್ದವರ ಬಗ್ಗೆ ಎಲ್ಲರೂ ಬರೀತಾರೆ.

ನಿವೃತ್ತ ಏರ್‌ಮನ್, ಜಾಲಹಳ್ಳಿ

ಅಸ್ಗರ್ ಖಾನ್ ಹೆಸರು ನಾವು ಸರ್ವಿಸಿನಲ್ಲಿದ್ದಾಗಲೇ ಕೇಳಿದ್ದೆವು. ಹಳೇ ಕಾಲದ ಅಧಿಕಾರಿಗಳು ಆತನ ಬಗ್ಗೆ ಕೆಟ್ಟ ಮಾತಾಡುತ್ತಿರಲಿಲ್ಲ. ಅರ್ಜನ್ ಸಿಂಗ್ ಅವರೂ ಈತನೂ ಬರ್ಮಾದಲ್ಲಿ ಒಂದೇ ವಾಯುಪಡೆಯಲ್ಲಿ ಹೋರಾಡಿದವರು. ಇನ್ನೊಂದು ವಿಚಿತ್ರ ನೋಡಿ: ಅರ್ಜನ್ ಸಿಂಗ್ ಹುಟ್ಟಿದ್ದು ಲಯಾಲ್‌ಪುರದಲ್ಲಿ, ಅದು ಈಗ ಪಾಕಿಸ್ತಾನದ ಫೈಸಲಾಬಾದ್. ಅಸ್ಗರ್ ಖಾನ್ ಹುಟ್ಟಿದ್ದು ಜಮ್ಮುವಿನಲ್ಲಿ. ಒಬ್ಬೊಬ್ಬರೂ ಇನ್ನೊಬ್ಬರ ದೇಶಕ್ಕೆ ಸೇರಿಹೋದ ಊರಿನಲ್ಲಿ ಹುಟ್ಟಿ, ಎದುರುಬದುರು ವಾಯುಪಡೆಗಳಿಗೆ ಮುಖ್ಯಸ್ಥರಾದರು.

1965ರ ಏಪ್ರಿಲ್‌ನಲ್ಲಿ ಕಛ್ ರಣದಲ್ಲಿ ಗುಂಡಿನ ಚಕಮಕಿ ನಡೆಯುತ್ತಿದ್ದಾಗ ಅಸ್ಗರ್ ಖಾನ್ ನೇರವಾಗಿ ಅರ್ಜನ್ ಸಿಂಗ್ ಅವರಿಗೆ ಫೋನ್ ಮಾಡಿದರು. ಇಬ್ಬರೂ ವಿಮಾನಗಳನ್ನು ಆಚೆ ಇಡೋಣ ಎಂದು ಒಪ್ಪಿಕೊಂಡರು. ಹಾಗೇ ಇಟ್ಟರು. ಇವತ್ತು ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಗಾಂಧಿಬಜಾರ್ ಗಿರಾಕಿ

ಈಗ ಹಂಗೆ ಫೋನ್ ಮಾಡಿದ್ರೆ ರಾತ್ರಿ ಟೀವಿ ಚರ್ಚೇಲಿ ಇಬ್ರನ್ನೂ ದೇಶದ್ರೋಹಿ ಮಾಡಿಬಿಡ್ತಾರೆ.

ದಾವಣಗೆರೆ ದೋಸೆ

ಫೋನ್ ಕಥೆ ಅಂದ್ರೆ ಕಾರಿಯಪ್ಪನವರ ಮಗ ಸಿಕ್ಕಿಬಿದ್ದಾಗ ಫೋನ್ ಮಾಡಿ ಬಿಡ್ತೀವಿ ಅಂದಿದ್ದು ಇವ್ರೇ ತಾನೆ?

ಮಡಿಕೇರಿ ಮಂಜು

@ದಾವಣಗೆರೆ ದೋಸೆ, ಇವರಲ್ಲ. ಆ ಕಥೆ ಅಯೂಬ್ ಖಾನ್‌ದು. ಅಯೂಬ್ ದೇಶ ಒಡೆಯೋ ಮೊದಲು ಕಾರಿಯಪ್ಪನವರ ಕೈಕೆಳಗೆ ಕೆಲಸ ಮಾಡಿದವನು. ನಂದಾ ಕಾರಿಯಪ್ಪ ಅವರ ಹಂಟರ್ ವಿಮಾನ ಬಿದ್ದಿದ್ದು 1965ರ ಸೆಪ್ಟೆಂಬರ್ 22ಕ್ಕೆ, ಯುದ್ಧ ನಿಲ್ಲೋಕೆ ಇನ್ನೇನು ಗಂಟೆಗಳು ಬಾಕಿ ಅನ್ನೋವಾಗ. ಅಸ್ಗರ್ ಖಾನ್ ಜುಲೈಯಲ್ಲೇ ಕುರ್ಚಿ ಬಿಟ್ಟಾಗಿತ್ತು. ಮಗನನ್ನ ಬೇಕಾದ್ರೆ ಬಿಡ್ತೀವಿ ಅಂತ ಅಯೂಬ್ ಕಡೆಯಿಂದ ಮಾತು ಬಂದಾಗ ಕಾರಿಯಪ್ಪನವರು ಒಪ್ಪಲಿಲ್ಲ, ಕೈದಿಗಳೆಲ್ಲ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ ಅನ್ನೋ ಅರ್ಥದಲ್ಲಿ ಹೇಳಿದರು ಅಂತ ನಮ್ಮ ಕಡೆ ಇವತ್ತಿಗೂ ಹೇಳ್ತಾರೆ.

ಕೊಡಗಿನವರಿಗೆ ಅಸ್ಗರ್ ಖಾನ್ ನೆನಪಾಗಬೇಕಾದ್ದು ಬೇರೆ ಕಾರಣಕ್ಕೆ. ಅಮೆರಿಕದಿಂದ ಎಫ್-104 ಸ್ಟಾರ್‌ಫೈಟರ್ ತರಿಸಿಕೊಂಡದ್ದು ಈ ಮನುಷ್ಯನ ಕಾಲದಲ್ಲೇ. ಆಗ ಇಡೀ ಏಷ್ಯಾದಲ್ಲಿ ಅಂಥ ವೇಗದ ವಿಮಾನ ಇದ್ದವರು ಬೆರಳೆಣಿಕೆ. ಸೆಪ್ಟೆಂಬರ್ 7ಕ್ಕೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಯಲ್ಲಿ ನಮ್ಮ ಅಜ್ಜಮಾಡ ದೇವಯ್ಯ ಆ ಸ್ಟಾರ್‌ಫೈಟರನ್ನೇ ಕೆಳಗೆ ಬೀಳಿಸಿದ್ರು. ಹಾರಿಸ್ತಿದ್ದದ್ದು ಮಿಸ್ಟೇರ್. ವೇಗದಲ್ಲಿ ಅದರ ಅರ್ಧ ಇರಬಹುದು ಅಷ್ಟೆ. ಅದೂ ದೇವಯ್ಯ ಆ ದಿನ ಮೊದಲ ಪಟ್ಟಿಯಲ್ಲಿ ಇರಲಿಲ್ಲ, ಬದಲಿ ಪೈಲಟ್ ಆಗಿ ಹೊರಟವರು. ಅವರು ವಾಪಸ್ ಬರಲಿಲ್ಲ. ಅಲ್ಲಿ ಏನು ನಡೀತು ಅಂತ ನಮ್ಮವರಿಗೆ ಗೊತ್ತಾದದ್ದು ಪಾಕಿಸ್ತಾನದ ಕಡೆಯ ವಿವರ ಹೊರಗೆ ಬಂದ ಮೇಲೆ. ಮಹಾವೀರ ಚಕ್ರ ಕೊಟ್ಟದ್ದು 1988ರಲ್ಲಿ. 23 ವರ್ಷ!

ಹುಬ್ಬಳ್ಳಿ ಹವಾ

ಹಾಂ, ಇದು ಬರೀರಿ. ಇದು ಓದಬೇಕ.

ಕಡಲತಡಿ

ಮಾರಾಯ್ರೆ, ಥ್ರೆಡ್ ಎಲ್ಲಿಗೋ ಹೋಯ್ತು. ಪ್ರಶ್ನೆ ರಾಜಕೀಯದ್ದಲ್ವಾ?

ನನಗೆ ಈ ಮನುಷ್ಯ ಇಷ್ಟ ಆಗ್ಲಿಕ್ಕೆ ಕಾರಣ 1942ರ ಘಟನೆ. ಸಿಂಧ್‌ನಲ್ಲಿ ಹುರ್ ಅನ್ನುವ ಪಂಗಡದವರ ಬಂಡಾಯ, ಬ್ರಿಟಿಷರು ಮಾರ್ಷಲ್ ಲಾ ಹಾಕಿದ್ರು. ಇವ ಆಗ ಇಪ್ಪತ್ತೊಂದು ವರ್ಷದ ಹುಡುಗ. ಮರಳುಗಾಡಿನಲ್ಲಿ ಹೋಗ್ತಿದ್ದ ಒಂದು ಹುರ್ ಗುಂಪಿನ ಮೇಲೆ ದಾಳಿ ಮಾಡಿ ಬಾ ಅಂತ ಕಳಿಸಿದ್ರು. ಮೇಲಿಂದ ನೋಡಿದ್ರೆ ಒಂಟೆಗಳ ಜೊತೆ ಹೆಂಗಸರು, ಮಕ್ಕಳು. ಗುಂಡು ಹಾರಿಸದೆ ವಾಪಸ್ ಬಂದ. ಕೋರ್ಟ್ ಮಾರ್ಷಲ್ ಅಂತ ಹೆದರಿಸಿದ್ರೂ, ಕಾನೂನಿಗೆ ವಿರುದ್ಧವಾದ ಆಜ್ಞೆ ಪಾಲಿಸುದಿಲ್ಲ ಅಂದ. ಆ ವಯಸ್ಸಿನಲ್ಲಿ ಹಾಗೆ ಹೇಳ್ಲಿಕ್ಕೆ ಧೈರ್ಯ ಬೇಕು.

ತರ್ಕ ತಿಮ್ಮ

ಇದನ್ನ ಹೇಳಿದ್ದು ಯಾರು? ಅಸ್ಗರ್ ಖಾನೇ. ನಿವೃತ್ತರಾದ ಮೇಲೆ ಎಲ್ಲ ಮಿಲಿಟರಿ ಅಧಿಕಾರಿಗಳಿಗೂ ಇಂಥ ಒಂದು ಕಥೆ ಇರುತ್ತೆ.

ನಿವೃತ್ತ ಏರ್‌ಮನ್, ಜಾಲಹಳ್ಳಿ

ತಿಮ್ಮ ಅವರೇ, ನಾನು ಆರ್ಮಮೆಂಟ್ ಕೆಲಸ ಮಾಡಿದವನು, ಒಂದು ಮಾತು ಹೇಳುತ್ತೇನೆ. ವಿಮಾನ ಹೊರಡುವ ಮುಂಚೆ ಪೈಲಟ್ ಫಾರಂ 700 ಎನ್ನುವ ವಿಮಾನದ ದಾಖಲೆ ಪುಸ್ತಕಕ್ಕೆ ಸಹಿ ಹಾಕುತ್ತಾನೆ. ಅಲ್ಲಿಂದ ವಿಮಾನ ಅವನ ಜವಾಬ್ದಾರಿ. ಗನ್ನಿಗೆ ಎಷ್ಟು ಗುಂಡು ತುಂಬಿಸಿದೆವು ಎನ್ನುವ ಲೆಕ್ಕ ನಮ್ಮ ಹತ್ತಿರ ಇರುತ್ತದೆ. ವಾಪಸ್ ಬಂದ ಮೇಲೆ ಬೆಲ್ಟ್ ಹೊರಗೆ ಎಳೆದು ಎಣಿಸುತ್ತೇವೆ. ನಳಿಕೆಯಲ್ಲಿ ಮಸಿ ಇದೆಯೋ ಇಲ್ಲವೋ ಬಟ್ಟೆ ಹಾಕಿ ಎಳೆದರೆ ತಿಳಿಯುತ್ತದೆ. ಹಾರಿಸದೇ ಬಂದರೆ ಹ್ಯಾಂಗರಿನಲ್ಲಿರುವ ಕೊನೆಯ ಹುಡುಗನಿಗೂ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಅದು ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ಹಾಗಾಗಿ ಆಜ್ಞೆ ಪಾಲಿಸದ ಪೈಲಟ್ ಸುಮ್ಮನೆ ಮುಚ್ಚಿಹಾಕಿಕೊಂಡು ಇರಲು ಸಾಧ್ಯವೇ ಇಲ್ಲ, ಮೇಲಿನವರ ಎದುರು ನಿಂತು ಕಾರಣ ಹೇಳಲೇಬೇಕು. ಆ ಮಟ್ಟಿಗೆ ನನಗೆ ಈ ಕಥೆ ಅಸಹಜ ಎನ್ನಿಸುವುದಿಲ್ಲ.

ತರ್ಕ ತಿಮ್ಮ

ಅಸಹಜ ಅಲ್ಲ ಅನ್ನೋದು ಬೇರೆ, ನಿಜ ಅನ್ನೋದು ಬೇರೆ ಸಾರ್. ಆದ್ರೂ ಬಟ್ಟೆ ಎಳೆಯೋ ವಿಷಯ ಚೆನ್ನಾಗಿತ್ತು, ಇನ್ನೂ ಬರೀರಿ.

ಮೇಷ್ಟ್ರು ಮೈಸೂರು

ಕಡಲತಡಿ ಅವರು ಎತ್ತಿದ 1942ರ ಘಟನೆಯನ್ನೇ ಹಿಡಿದು ಹೊರಟರೆ ಮೂಲ ಪ್ರಶ್ನೆಗೆ ದಾರಿ ಸಿಗುತ್ತೆ ಕಣ್ರೀ. ಈ ಮನುಷ್ಯನ ಇಡೀ ರಾಜಕೀಯದಲ್ಲಿ ಇದ್ದದ್ದು ಒಂದೇ ವಾದ: ಕಾನೂನುಬಾಹಿರ ಆಜ್ಞೆ ಪಾಲಿಸಬೇಡಿ. 1971ರಲ್ಲಿ ಅದನ್ನೇ ಹೇಳಿದರು. ಪೂರ್ವ ಪಾಕಿಸ್ತಾನದ ಮುಜೀಬ್ ಚುನಾವಣೆ ಗೆದ್ದಿದ್ದಾರೆ, ಅಧಿಕಾರ ಅವರಿಗೆ ಕೊಡಿ ಅಂತ ಪಶ್ಚಿಮ ಪಾಕಿಸ್ತಾನದಲ್ಲಿ ನಿಂತು ಬಾಯಿಬಿಟ್ಟು ಹೇಳಿದವರು ತೀರಾ ಕಮ್ಮಿ ಜನ, ಅದರಲ್ಲಿ ಇವರೊಬ್ಬರು. ಆ ಮಾರ್ಚ್‌ನಲ್ಲಿ ಢಾಕಾಗೆ ಹೋಗಿ ಮುಜೀಬರನ್ನ ಕಂಡೂ ಬಂದರು. ಪಂಜಾಬಿನ ಬೀದೀಲಿ ಆಗ ಆ ಮಾತಾಡಿದರೆ ಏನು ಮರ್ಯಾದೆ ಸಿಕ್ಕಿರಬಹುದು ನೀವೇ ಯೋಚಿಸಿ. ಅದಕ್ಕೆ ಮೂರು ತಿಂಗಳ ಹಿಂದಷ್ಟೇ, 1970ರ ಚುನಾವಣೆಯಲ್ಲಿ ರಾವಲ್ಪಿಂಡಿಯಲ್ಲಿ ಭುಟ್ಟೋ ಪಕ್ಷದ ಎದುರು ಸೋತಿದ್ದರು ಬೇರೆ.

ಆಮೇಲೆ 1977. ಇಲ್ಲೇ ಇರೋದು ಕಗ್ಗಂಟು. ಪ್ರಧಾನಿ ಭುಟ್ಟೋ ವಿರುದ್ಧ ಒಂಬತ್ತು ಪಕ್ಷ ಸೇರಿ ಪಿಎನ್‌ಎ ಅಂತ ಕೂಟ ಮಾಡಿಕೊಂಡವು. ಮಾರ್ಚ್ 7ರ ಚುನಾವಣೆಯಲ್ಲಿ ಭುಟ್ಟೋಗೆ 155, ಪಿಎನ್‌ಎಗೆ 36. ಮೋಸ ಅಂತ ಬೀದಿಗಿಳಿದರು. ಚಳವಳಿಯ ಮಧ್ಯೆ ಅಸ್ಗರ್ ಖಾನ್ ಸೇನಾ ಅಧಿಕಾರಿಗಳಿಗೆ ಬಹಿರಂಗ ಪತ್ರ ಬರೆದರು: ಜನರ ಮೇಲೆ ಗುಂಡು ಹಾರಿಸಿ ಅಂದರೆ ಅದು ಕಾನೂನುಬಾಹಿರ ಆಜ್ಞೆ, ಪಾಲಿಸಬೇಡಿ ಅಂತ. ಜುಲೈ 5ಕ್ಕೆ ಸೇನಾ ಮುಖ್ಯಸ್ಥ ಜಿಯಾ ಉಲ್ ಹಕ್ ಭುಟ್ಟೋನ ಇಳಿಸಿ ಬಂದು ಕೂತ. ಪತ್ರಕ್ಕೂ ಜಿಯಾಗೂ ಸಂಬಂಧ ಇದೆಯೋ ಇಲ್ಲವೋ, ಅಲ್ಲಿ ಇನ್ನೂ ಜಗಳ ಮುಗಿದಿಲ್ಲ.

ತರ್ಕ ತಿಮ್ಮ

ಸಂಬಂಧ ಇಲ್ಲದೆ ಏನು ಮೇಷ್ಟ್ರೇ? ಇಪ್ಪತ್ತೊಂದು ವರ್ಷದ ಪೈಲಟ್ ತಾನು ಹಾರಿಸಲ್ಲ ಅನ್ನೋದು ಆತ್ಮಸಾಕ್ಷಿ. ಹಳೇ ವಾಯುಪಡೆ ಮುಖ್ಯಸ್ಥ ಇಡೀ ಸೈನ್ಯಕ್ಕೆ ಪತ್ರ ಬರೆದು ಪ್ರಧಾನಿ ಮಾತು ಕೇಳಬೇಡಿ ಅನ್ನೋದು ರಾಜಕೀಯ. ಸೈನ್ಯ ಒಂದು ಸಲ ಪ್ರಧಾನಿ ಮಾತು ಕೇಳೋದು ಬಿಟ್ರೆ ಇನ್ಯಾರ ಮಾತು ಕೇಳುತ್ತೆ? ತನ್ನ ಜನರಲ್ ಮಾತು. ಇಷ್ಟು ಗೊತ್ತಾಗಲಿಲ್ವಾ ಆ ಮನುಷ್ಯಂಗೆ? ಎಂಟು ವರ್ಷ ಅದೇ ಪಡೆ ನಡೆಸಿದ್ದ!

ಭುಟ್ಟೋನ ಕೊಹಾಲಾ ಸೇತುವೆ ಮೇಲೆ ನೇಣು ಹಾಕ್ತೀನಿ ಅಂತ ಭಾಷಣ ಮಾಡಿದ್ದನ್ನ ಅಲ್ಲಿಯವರು ಇವತ್ತಿಗೂ ಎತ್ತಿ ಆಡ್ತಾರೆ. ಎರಡು ವರ್ಷಕ್ಕೆ ಜಿಯಾ ನಿಜವಾಗ್ಲೂ ನೇಣು ಹಾಕಿದ.

ಕಡಲತಡಿ

ತಿಮ್ಮಣ್ಣ, ಅರ್ಧ ಹೇಳಿ ನಿಲ್ಲಿಸುದು ಬೇಡ. ಜಿಯಾ ಬಂದ ಮೇಲೆ ಪಿಎನ್‌ಎಯ ಬೇರೆ ಪಕ್ಷಗಳು ಅವನ ಸಂಪುಟ ಸೇರಿದವು. ಅಸ್ಗರ್ ಖಾನ್ ಅದಕ್ಕೂ ಮೊದಲೇ, 1977ರಲ್ಲೇ, ಕೂಟ ಬಿಟ್ಟು ಹೊರಗೆ ಬಂದಿದ್ದ. ಚುನಾವಣೆ ಮಾಡು ಅಂತ ಜಿಯಾನ ಹಿಂದೆ ಬಿದ್ದ. 1979ರ ಅಕ್ಟೋಬರ್‌ನಲ್ಲಿ ಜಿಯಾ ಚುನಾವಣೆ ರದ್ದು ಮಾಡಿ ಇವನನ್ನು ಅಬೊಟ್ಟಾಬಾದಿನ ಮನೆಯಲ್ಲಿ ಕೂಡಿಹಾಕಿದ. ಬಿಟ್ಟದ್ದು 1984ರಲ್ಲಿ. ಐದು ವರ್ಷ ಮನೆಯ ಗೇಟು ದಾಟ್ಲಿಕ್ಕಿಲ್ಲ. ಆಮ್ನೆಸ್ಟಿಯವರು ಆತ್ಮಸಾಕ್ಷಿಯ ಕೈದಿ ಅಂತ ಹೆಸರಿಸಿದ್ರು. ಜಿಯಾನಿಗೆ ಬಾಗಿಲು ತೆಗೆದು ಕೊಟ್ಟವನಿಗೆ ಇದೇ ಬಹುಮಾನವಾ?

ತರ್ಕ ತಿಮ್ಮ

ಬಾಗಿಲು ತೆಗೆದವರಿಗೆ ಒಳಗೆ ಬಂದವನು ಬಹುಮಾನ ಕೊಡ್ತಾನೆ ಅಂತ ಯಾರು ಹೇಳಿದ್ದು? ಬೇಕು ಅಂತ ತೆಗೆದ ಅಂತಾನೂ ನಾನು ಅಂದಿಲ್ಲ. ತೆಗೆದ ಅಷ್ಟೆ.

ಹುಬ್ಬಳ್ಳಿ ಹವಾ

1977ರ ಮಾರ್ಚ್ ಅಂದ್ರ ಇಲ್ಲೂ ಎಲೆಕ್ಷನ್ ಅದ ತಿಂಗಳ ಅಲ್ರೀ! ನಮ್ಮಪ್ಪ ಹೇಳ್ತಿದ್ರು, ಜನತಾ ಪಕ್ಷದ್ದು ನೇಗಿಲ ಹೊತ್ತ ರೈತ ಗುರುತು ಅಂತ.

ಮೇಷ್ಟ್ರು ಮೈಸೂರು

ಪಿಎನ್‌ಎದೂ ನೇಗಿಲೇ ಗುರುತು! ಗಡಿಯ ಆ ಕಡೆ ಈ ಕಡೆ, ಒಂದೇ ತಿಂಗಳು, ಎರಡೂ ಕಡೆ ತರಾವರಿ ಪಕ್ಷಗಳ ಕೂಟ, ಎರಡೂ ಕಡೆ ನೇಗಿಲು. ಇಲ್ಲಿ ಇಂದಿರಾ ಗಾಂಧಿ ಸೋತು ಮನೆಗೆ ಹೋದರು. ಅಲ್ಲಿ ಭುಟ್ಟೋ ಗೆದ್ದು ಜೈಲಿಗೆ ಹೋದರು. ನೀವು ಹೇಳಿದ ಬಿಜು ಪಟ್ನಾಯಕ್ ಮೊರಾರ್ಜಿ ಸರ್ಕಾರದಲ್ಲಿ ಉಕ್ಕಿನ ಮಂತ್ರಿಯಾದದ್ದು ಆಗಲೇ. ಅದೇ ವರ್ಷ ಅಸ್ಗರ್ ಖಾನ್‌ಗೆ ಸಿಕ್ಕಿದ್ದು ಸೆರೆವಾಸ.

ಗಾಂಧಿಬಜಾರ್ ಗಿರಾಕಿ

ನಮ್ಮ ರಾಜ್ಯದಲ್ಲಿ ನೇಗಿಲು ಓಡಲಿಲ್ಲ ಬಿಡಿ. 28ರಲ್ಲಿ 26 ಕಾಂಗ್ರೆಸ್ಸಿಗೆ. ಅರಸು ಕಾಲ.

ದಾವಣಗೆರೆ ದೋಸೆ

ಅರಸು ಬಗ್ಗೆ ಶುರು ಮಾಡ್ಬೇಡಿ, ಇನ್ನೂರು ಕಾಮೆಂಟ್ ಆಗುತ್ತೆ.

ಶಾಂತಲಾ, ಶಿವಮೊಗ್ಗ

ಎಲ್ಲರೂ 1977 ಹಿಡ್ಕೊಂಡು ಕೂತಿದ್ದೀರಿ. ಆ ಪಕ್ಷದಲ್ಲಿ ಯಾರ್ಯಾರು ಇದ್ದರು ಅಂತ ಒಮ್ಮೆ ನೋಡಿ. ನವಾಜ್ ಷರೀಫ್ ರಾಜಕೀಯ ಶುರು ಮಾಡಿದ್ದು ಅಸ್ಗರ್ ಖಾನ್ ಪಕ್ಷದಲ್ಲಿ. ಐತ್ಜಾಜ್ ಅಹ್ಸನ್ ಅಲ್ಲಿದ್ದರು. ಮುಂದೆ ವಿದೇಶಾಂಗ ಮಂತ್ರಿಯಾದ ಖುರ್ಷಿದ್ ಕಸೂರಿಯೂ ಅಲ್ಲೇ. ಒಬ್ಬೊಬ್ಬರಾಗಿ ಎಲ್ಲರೂ ಗೆಲ್ಲೋ ಪಕ್ಷಕ್ಕೆ ಹೋದರು. 1990ರಲ್ಲಿ ಲಾಹೋರಿನಲ್ಲಿ ಅಸ್ಗರ್ ಖಾನ್ ಅದೇ ನವಾಜ್ ಷರೀಫ್ ಎದುರು ನಿಂತು ಸೋತರು. ಸಸಿ ಮಾಡಿ ಕೊಡೋ ನರ್ಸರಿ ಇದ್ದಂಗೆ ಇತ್ತು ಆ ಪಕ್ಷ, ಹಣ್ಣು ಬಿಟ್ಟಿದ್ದು ಮಾತ್ರ ಬೇರೆಯವರ ತೋಟದಲ್ಲಿ.

ನನ್ನ ಪ್ರಕಾರ ಸೋಲಿಗೆ ಕಾರಣ ಪ್ರಾಮಾಣಿಕತೆ ಅಲ್ಲ. ಪ್ರಾಮಾಣಿಕರು ಗೆದ್ದದ್ದೂ ಉಂಟು. ಜಾತಿ, ಬಿರಾದರಿ (ಕುಲದ ಬಳಗ), ಜಮೀನ್ದಾರಿ ಇವೇ ವೋಟು ತರೋ ಕಡೆ ಇವರಿಗೆ ಕೆಳಗೆ ಯಾರೂ ಇರಲಿಲ್ಲ. ಸಭೆಗೆ ಜನ ಬರೋದು ಬೇರೆ, ಬೂತಿನಲ್ಲಿ ಕೂರೋಕೆ ಏಜೆಂಟ್ ಸಿಗೋದು ಬೇರೆ. ನಾನು ಪಂಚಾಯ್ತಿ ಚುನಾವಣೆಗೆ ಓಡಾಡಿದವಳು, ಅದು ಗೊತ್ತು. ಬೆಳಗ್ಗೆ ಏಳಕ್ಕೆ ಬೂತಿಗೆ ತಿಂಡಿ ಯಾರು ಕಳಿಸ್ತಾರೆ ಅನ್ನೋದರಲ್ಲೇ ಅರ್ಧ ಗೊತ್ತಾಗಿಬಿಡುತ್ತೆ.

ಗಾಂಧಿಬಜಾರ್ ಗಿರಾಕಿ

@ಶಾಂತಲಾ, ತಿಂಡಿ ಮಾತು ನೂರಕ್ಕೆ ನೂರು. ಚಿತ್ರಾನ್ನ ಬಂದ ಕಡೆ ಗೆಲುವು.

ಮಡಿಕೇರಿ ಮಂಜು

ಮಿಲಿಟರಿಯವರಿಗೆ ಚುನಾವಣೆ ಆಗಿಬರಲ್ಲ ಅನ್ಸುತ್ತೆ. ಕಾರಿಯಪ್ಪನವರೇ 1971ರಲ್ಲಿ ಮುಂಬಯಿಯಲ್ಲಿ ಲೋಕಸಭೆಗೆ ನಿಂತು ಸೋತರು. ದೇಶದ ಮೊದಲ ಭಾರತೀಯ ದಂಡನಾಯಕ! ನಮ್ಮ ಕ್ಯಾಪ್ಟನ್ ಗೋಪಿನಾಥ್ ಕೂಡ 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ನಿಂತು ಸೋತರಲ್ಲ.

ಹುಬ್ಬಳ್ಳಿ ಹವಾ

ರಾಜೇಶ್ ಪೈಲಟ್ ಗೆದ್ರಲ್ರೀ, ಎಷ್ಟ ಸಲ ಹೇಳಬೇಕ?

ಶಾಂತಲಾ, ಶಿವಮೊಗ್ಗ

ಹಿಂದೆ ಕಾಂಗ್ರೆಸ್ ಇತ್ತು, ಗುಜ್ಜರ್ ಸಮುದಾಯ ಇತ್ತು. ನಾನು ಹೇಳಿದ್ದೇ ಅದು.

ಪುಸ್ತಕದ ಹುಳ

ಶಾಂತಲಾ ಮೇಡಂ ಮಾತಿಗೆ ನನ್ನ ಓಟು. ಆದ್ರೂ ಒಂದು ಸೇರಿಸ್ತೀನಿ. ವೋಟಿಗೆ ಕತ್ತರಿ ಹಾಕೋ ಮಾತುಗಳನ್ನೇ ಹುಡುಕಿ ಹುಡುಕಿ ಆಡ್ತಿದ್ದ ಮನುಷ್ಯ ಇದು. ಭಾರತದ ಜತೆಗಿನ ಯುದ್ಧಗಳನ್ನ ಶುರು ಮಾಡಿದ್ದು ನಾವೇ ಅಂತ ಪಾಕಿಸ್ತಾನದ ಟೀವಿಯಲ್ಲಿ ಕೂತು ಹೇಳ್ತಿದ್ದ. ಅಣುಬಾಂಬ್ ಬೇಡ ಅಂದ. ಸೇನೆಯ ಖರ್ಚು ಕಡಿಮೆ ಮಾಡಿ ಅಂದ, ಅದೂ ವಾಯುಪಡೆ ಕಟ್ಟಿದವನೇ.

ತರ್ಕ ತಿಮ್ಮ

ಅದಕ್ಕೇ ನಮ್ಮೋರಿಗೆ ಇಷ್ಟ ಆಗೋದು. ನಮಗೆ ಬೇಕಾದ ಮಾತು ಆಡ್ದ ಅಂತ. ಇಲ್ಲಿಯ ಯಾರಾದ್ರೂ ನಿವೃತ್ತ ಏರ್ ಮಾರ್ಷಲ್ ನಮ್ಮ ಬಗ್ಗೆ ಹಂಗೆ ಮಾತಾಡಿದ್ರೆ ಈ ಥ್ರೆಡ್‌ನಲ್ಲಿ ಎಷ್ಟು ಜನ ಮೆಚ್ಚಿಕೊಳ್ತಿದ್ರಿ? ಕೈ ಎತ್ತಿ ನೋಡೋಣ.

ಕಡಲತಡಿ

ಒಂದು ಕೈ ನನ್ನದು.

ದಾವಣಗೆರೆ ದೋಸೆ

ಫೋಟೋ ಹಾಕಿ ಕೈದು.

ನಿರ್ವಾಹಕ

ವಿಷಯದ ಮೇಲೆ ಇರಿ. ಅಳಿಸಿದ ಎರಡು ಕಾಮೆಂಟ್ ಯಾಕೆ ಅಳಿಸಿದೆ ಅಂತ ಬರೆದವರಿಗೆ ಗೊತ್ತು.

ನಿವೃತ್ತ ಏರ್‌ಮನ್, ಜಾಲಹಳ್ಳಿ

ರಾಜಕೀಯ ನನಗೆ ತಿಳಿಯದು. ಆದರೆ ವಾಯುಪಡೆ ಕಟ್ಟಿದ ಕೆಲಸವನ್ನು ಯಾರೂ ಸರಿಯಾಗಿ ಮುಟ್ಟಲಿಲ್ಲ. ಆತ ಮುಖ್ಯಸ್ಥನಾಗಿದ್ದ ಕಾಲದಲ್ಲಿ ಅವರ ಬಲ ಸೇಬರ್ ವಿಮಾನ. ವಿಮಾನ ಅಮೆರಿಕದವರು ಕೊಟ್ಟರು, ಸರಿ. ಆದರೆ 1958ರಲ್ಲೇ ಮೌರೀಪುರದಲ್ಲಿ ಫೈಟರ್ ಲೀಡರ್ಸ್ ಶಾಲೆ ತೆರೆದು, ಹೊಡೆದಾಟವನ್ನೇ ಪಾಠ ಮಾಡಿ ಕಲಿಸಿದ್ದು ಇವರದೇ ಕೆಲಸ. 1959ರ ಏಪ್ರಿಲ್‌ನಲ್ಲಿ ಈದ್ ದಿನ ನಮ್ಮ ಒಂದು ಕ್ಯಾನ್‌ಬೆರಾ ವಿಮಾನ ರಾವಲ್ಪಿಂಡಿ ಹತ್ತಿರ ಬಿತ್ತಲ್ಲ, ಅದನ್ನು ಬೀಳಿಸಿದ್ದೂ ಸೇಬರ್. ನಮ್ಮ ಇಬ್ಬರು ಅಧಿಕಾರಿಗಳು ಜೀವಂತ ಸಿಕ್ಕಿ ವಾಪಸ್ ಬಂದರು. ನಮ್ಮ ಕಡೆ ಆಮೇಲೆ ಸೇಬರಿಗೆ ಸರಿಯಾಗಿ ನಿಂತದ್ದು ಪುಟ್ಟ ನ್ಯಾಟ್. ಅದನ್ನು ಪರವಾನಗಿ ತೆಗೆದುಕೊಂಡು ಇಲ್ಲೇ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾಡುತ್ತಿದ್ದರು. ರೆಕ್ಕೆಯ ಹತ್ತಿರ ನಿಂತರೆ ನನ್ನ ಭುಜಕ್ಕೂ ಬರುತ್ತಿರಲಿಲ್ಲ, ಕೆಲಸ ಮಾಡಬೇಕಾದರೆ ಬೆನ್ನು ಬಗ್ಗಿಸಿಯೇ ಮಾಡಬೇಕು. ನನ್ನ ಬೆನ್ನುನೋವಿಗೆ ಅದೇ ಕಾರಣ ಎಂದು ಮನೆಯವಳು ಈಗಲೂ ಬೈಯುತ್ತಾಳೆ.

1965ರ ವಿಷಯ. ಯುದ್ಧಕ್ಕೆ ಎರಡು ತಿಂಗಳು ಇರುವಾಗ ಈತ ನಿವೃತ್ತ, ನೂರ್ ಖಾನ್ ಬಂದರು. ಅದರ ತಮಾಷೆ ಏನೆಂದರೆ ನೂರ್ ಖಾನ್ ಅಲ್ಲಿಯವರೆಗೆ ಪಿಐಎ ನಡೆಸುತ್ತಿದ್ದರು, ಅಸ್ಗರ್ ಖಾನ್ ಹೋದದ್ದು ಅದೇ ಪಿಐಎಗೆ. ಇಬ್ಬರೂ ಕುರ್ಚಿ ಅದಲುಬದಲು ಮಾಡಿಕೊಂಡಂತೆ ಆಯಿತು. ಯುದ್ಧದ ನಡುವೆ ಶಸ್ತ್ರಾಸ್ತ್ರ ಕೇಳಲು ಚೀನಾ, ಇಂಡೋನೇಷ್ಯಾ, ಇರಾನ್, ಟರ್ಕಿಗೆಲ್ಲ ಅಯೂಬ್ ಕಳಿಸಿದ್ದು ಮಾತ್ರ ಈ ನಿವೃತ್ತ ಮನುಷ್ಯನನ್ನೇ. ಅದನ್ನು ಮರೆತು ಬರೀ ಶಾಂತಿದೂತ ಮಾಡಬೇಡಿ.

ಮೇಷ್ಟ್ರು ಮೈಸೂರು

ಒಳ್ಳೇ ಮಾತು ಸಾರ್. ಯುದ್ಧ ಶುರು ಮಾಡಿದ್ದು ತಪ್ಪು ಅಂತ ಆಮೇಲೆ ಹೇಳಿದವರೇ ಯುದ್ಧ ನಡೀವಾಗ ಆಯುಧ ಕೇಳೋಕೆ ಹೋದವರು. ಸೈನಿಕನಿಗೆ ಅದು ವಿರೋಧಾಭಾಸ ಅನ್ನಿಸದೇ ಇರಬಹುದು.

ದಾವಣಗೆರೆ ದೋಸೆ

ನೂರ್ ಖಾನ್ ಅಂದ್ರೆ ಹಾಕಿ ನೂರ್ ಖಾನಾ? ಚಾಂಪಿಯನ್ಸ್ ಟ್ರೋಫಿ?

ಹುಬ್ಬಳ್ಳಿ ಹವಾ

ಅವ್ರ. 1978ರಾಗ ಲಾಹೋರಿನಾಗ ಶುರು ಆತು. ಕ್ರಿಕೆಟ್ ಬೋರ್ಡೂ ನೋಡ್ಕೊಂಡ್ರು, ವಿಶ್ವಕಪ್ಪನ್ನ ಇಂಗ್ಲೆಂಡಿಂದ ಈ ಕಡೆ ತರೂದರಾಗ ಅವ್ರದೂ ಕೈ ಐತಿ. ಈ ಏರ್‌ಫೋರ್ಸ್ ಮಂದಿ ಏನ್ ಮಾಡಿಲ್ಲ ಕೇಳ್ರಿ.

ಕಡಲತಡಿ

ಕೇಸಿನ ವಿಷಯ ಯಾರೂ ಎತ್ತಲಿಲ್ಲ. ಪಾಕಿಸ್ತಾನದಲ್ಲಿ ಇವತ್ತು ಅಸ್ಗರ್ ಖಾನ್ ಅಂದ್ರೆ ಹೊಸ ತಲೆಮಾರಿಗೆ ನೆನಪಾಗುದು ಕೇಸು. 1990ರ ಚುನಾವಣೆಯಲ್ಲಿ ಬೆನಜೀರ್ ಪಕ್ಷ ಸೋಲಿಸ್ಲಿಕ್ಕೆ ಐಎಸ್‌ಐ ರಾಜಕಾರಣಿಗಳಿಗೆ ಹಣ ಹಂಚಿತು ಅಂತ ಆರೋಪ. ಮೊತ್ತ 14 ಕೋಟಿ ರೂಪಾಯಿ, ಬಂದದ್ದು ಒಬ್ಬ ಬ್ಯಾಂಕರ್ ಕೈಯಿಂದ. ಹಂಚಿದ್ದು ಹೌದು ಅಂತ ಐಎಸ್‌ಐ ಮುಖ್ಯಸ್ಥನಾಗಿದ್ದ ಅಸದ್ ದುರ್ರಾನಿಯೇ ಪ್ರಮಾಣಪತ್ರದಲ್ಲಿ ಬರೆದು ಕೊಟ್ಟಿದ್ದ. 1996ರಲ್ಲಿ ಅಸ್ಗರ್ ಖಾನ್ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದ, ಅದನ್ನೇ ಅರ್ಜಿ ಅಂತ ತಗೊಂಡ್ರು. ಸೇನಾ ಮುಖ್ಯಸ್ಥನಾಗಿದ್ದ ಅಸ್ಲಂ ಬೇಗ್, ದುರ್ರಾನಿ ಎಲ್ಲ ಪ್ರತಿವಾದಿಗಳು. ತೀರ್ಪು ಬಂದದ್ದು 2012ರ ಅಕ್ಟೋಬರ್‌ನಲ್ಲಿ. ಹದಿನಾರು ವರ್ಷ! ಚುನಾವಣೆ ಕೆಡಿಸಿದ್ದು ಹೌದು, ಇಬ್ಬರ ಮೇಲೂ ಕ್ರಮ ಆಗಲಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆಗ ಅರ್ಜಿದಾರನಿಗೆ 91.

ತಿಮ್ಮಣ್ಣನಿಗೆ ಉತ್ತರ ಇದರಲ್ಲಿ ಉಂಟು. ಸೈನ್ಯ ರಾಜಕೀಯಕ್ಕೆ ಬರುದನ್ನು ಸಹಿಸದವ ಅಂತ ಇದಕ್ಕಿಂತ ಹೆಚ್ಚು ಹೇಗೆ ತೋರಿಸುದು?

ತರ್ಕ ತಿಮ್ಮ

1990ರಲ್ಲಿ ಸೋತವರಲ್ಲಿ ಆತನೂ ಒಬ್ಬ ತಾನೆ? ಸೋತವನು ಕೇಸ್ ಹಾಕಿದ. ಇರಲಿ, ಒಪ್ತೀನಿ, ಹದಿನಾರು ವರ್ಷ ಹಟ ಬಿಡದೆ ಕೂರೋಕೆ ಬರೀ ಸೋತ ಸಿಟ್ಟು ಸಾಲಲ್ಲ. ಆದ್ರೆ ಫಲ ಏನಾಯ್ತು ಹೇಳಿ. ಆತ ತೀರಿಹೋದದ್ದು 2018ರ ಜನವರಿಯಲ್ಲಿ. ಅದೇ ವರ್ಷದ ಕೊನೆಗೆ ತನಿಖೆ ಮಾಡೋರು ಸಾಕ್ಷ್ಯ ಸಾಲಲ್ಲ, ಕೇಸು ಮುಚ್ಚಿಬಿಡೋಣ ಅಂತ ಕೋರ್ಟಿಗೆ ಹೇಳಿದ್ರು. ಕೊಟ್ಟವನು ಕೊಟ್ಟೆ ಅಂದ ಮೇಲೂ ಸಾಕ್ಷ್ಯ ಸಾಲಲ್ವಂತೆ!

ಶಾಂತಲಾ, ಶಿವಮೊಗ್ಗ

ಸತ್ತಾಗ ಸರ್ಕಾರಿ ಗೌರವ ಕೊಟ್ಟು ಕಳಿಸಿದರು. ಅದಕ್ಕೆ ಒಂದು ವರ್ಷ ಮುಂಚೆ ರಿಸಾಲ್‌ಪುರದ ಅಕಾಡೆಮಿಗೆ ಅವರ ಹೆಸರಿಟ್ಟರು. ಹೆಸರು ಇಡೋದು ಸುಲಭ. ಕೇಸು ನಡೆಸೋದು ಕಷ್ಟ.

ನಿವೃತ್ತ ಏರ್‌ಮನ್, ಜಾಲಹಳ್ಳಿ

ಪಶ್ಚಿಮ ಬಂಗಾಳದ ಪಾನಾಗಢ ವಾಯುನೆಲೆಗೆ ಅರ್ಜನ್ ಸಿಂಗ್ ಅವರ ಹೆಸರಿಟ್ಟದ್ದು 2016ರಲ್ಲಿ, ಆ ಕಡೆ ಅಕಾಡೆಮಿಗೆ ಹೆಸರಿಟ್ಟದ್ದು 2017ರಲ್ಲಿ. ಇಬ್ಬರೂ ಕಣ್ಣಾರೆ ನೋಡಿಯೇ ಹೋದರು. ನಾಲ್ಕು ತಿಂಗಳೊಳಗೆ ಇಬ್ಬರೂ ತೀರಿಕೊಂಡರು.

ಗಾಂಧಿಬಜಾರ್ ಗಿರಾಕಿ

ಕೊನೇ ಕಾಲದಲ್ಲಿ ಇಮ್ರಾನ್ ಖಾನ್ ಪಕ್ಷಕ್ಕೆ ಬೆಂಬಲ ಕೊಟ್ರು ಅಂತ ಓದಿದ ನೆನಪು?

ಪುಸ್ತಕದ ಹುಳ

ಹೌದು, 2011ರ ಡಿಸೆಂಬರ್. ಆಮೇಲೆ ಪಕ್ಷವನ್ನೂ ಅದರೊಳಗೇ ಸೇರಿಸಿದರು.

ತರ್ಕ ತಿಮ್ಮ

ಸಸಿ ಮತ್ತೆ ಬೇರೆ ತೋಟಕ್ಕೆ. ಶಾಂತಲಾ ಮೇಡಂ ಮಾತು ಅಲ್ಲೂ ನಿಜ ಆಯ್ತು.

ನನ್ನ ಲೆಕ್ಕ ಇಷ್ಟು: ಪೈಲಟ್ ಆಗಿ ಹತ್ತಕ್ಕೆ ಒಂಬತ್ತು, ಮುಖ್ಯಸ್ಥ ಆಗಿ ಒಂಬತ್ತು, ಅರ್ಜಿದಾರ ಆಗಿ ಹತ್ತು, 1977ಕ್ಕೆ ಸೊನ್ನೆ.

ಕಡಲತಡಿ

1977ಕ್ಕೆ ಐದಾದ್ರೂ ಕೊಡಿ ಮಾರಾಯ್ರೆ. ಐದು ವರ್ಷ ಒಳಗೆ ಕೂತಿದ್ದಾನೆ.

ತರ್ಕ ತಿಮ್ಮ

ಎರಡು. ನಿಮ್ಮ ಮುಖ ನೋಡಿ.

ದಾವಣಗೆರೆ ದೋಸೆ

ನೂರ್ ಖಾನ್‌ಗೆ ಬೇರೆ ಥ್ರೆಡ್ ಮಾಡ್ರಪ್ಪ. ಹಾಕಿ ವಿಷಯ ಅಲ್ಲಿ ಮಾತಾಡೋಣ, ಏರ್‌ಮನ್ ಅಂಕಲ್ ಅಲ್ಲಿಗೂ ಬರಬೇಕು.

ನಿವೃತ್ತ ಏರ್‌ಮನ್, ಜಾಲಹಳ್ಳಿ

ಬರುತ್ತೇನೆ. ಆದರೆ ಹಾಕಿಯಲ್ಲಿ ನಾನು ಗೋಲ್‌ಕೀಪರ್, ನನ್ನ ಬಾಯಲ್ಲಿ ಒಳ್ಳೆಯ ಮಾತು ನಿರೀಕ್ಷಿಸಬೇಡಿ.